ಸುಖ ಸೀಟಿನಲ್ಲಿಲ್ಲ, ರಸ್ತೆಯಲ್ಲಿದೆ

ಬೈಕಿನಲ್ಲಿ ದೂರ ಹೋಗುವ ಮಾತು ಬಂದರೆ ಸಾಕು, ಜೆಲ್ ಸೀಟು, ಎತ್ತರದ ಹ್ಯಾಂಡಲ್, ವಿಂಡ್‌ಶೀಲ್ಡ್ ಎಂದು ಪಟ್ಟಿ ಶುರುವಾಗುತ್ತದೆ. ಪಾಳಿ ಬಿಡುವ ಹೊತ್ತಿಗೆ ಬಿಡದಿ ಕೈಗಾರಿಕಾ ಪ್ರದೇಶದ ಪಕ್ಕದ ರಸ್ತೆಗೆ ಬನ್ನಿ. ಕಂಪನಿ ಬಸ್ಸು, ಲಾರಿ, ಎದುರಿನಿಂದ ನುಗ್ಗುವ ಸ್ಕೂಟರುಗಳ ನಡುವೆ ಕ್ಲಚ್ ಹಿಡಿದ ಕೈ ಸೋಲುತ್ತದೆ. ಯಾವ ಸೀಟೂ ಕಾಯುವುದಿಲ್ಲ.

2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥ ಆಟೊ, ಟ್ರ್ಯಾಕ್ಟರುಗಳ ಜೊತೆ ಬೈಕಿಗೂ ಮುಚ್ಚಿದೆ. ಕಾರಣ ಸುರಕ್ಷತೆ. ಕಾರುಗಳು ನೂರರಲ್ಲಿ ಓಡುವ ಕಡೆ ಮೊಪೆಡ್ ಅಪಾಯಕ್ಕೆ ಸಿಗುತ್ತದೆ, ಒಪ್ಪೋಣ. ಆದರೆ ಮೊಪೆಡ್ಡಿಗೂ ನೂರರಲ್ಲಿ ನಿರಾಯಾಸವಾಗಿ ಓಡುವ 650 ಸಿಸಿ ಬೈಕಿಗೂ ಒಂದೇ ನಿಯಮವೇ? ಅಪಾಯವನ್ನು ಪಕ್ಕದ ರಸ್ತೆಗೆ ತಳ್ಳುವುದು ಸುರಕ್ಷತೆಯಲ್ಲ, ಬರೀ ಕಣ್ಮರೆ.

1961ರಿಂದ ಜಾವಾ, ಆಮೇಲೆ ಯೆಜ್ಡಿ ಕಟ್ಟಿ ದೇಶಕ್ಕೆಲ್ಲ ಕೊಟ್ಟ ಊರು ಮೈಸೂರು. ಆ ಊರಿನ ಹೆದ್ದಾರಿಗೇ ಈಗ ಬೈಕು ಬೇಡ!

ನಿಷೇಧ ಇರಲೇಬೇಕೆಂದರೆ ಇರಲಿ. ಆದರೆ ಪಕ್ಕದ ರಸ್ತೆಗೂ ಹೆದ್ದಾರಿಗೆ ತೋರುವಷ್ಟೇ ಶ್ರದ್ಧೆ ತೋರಿಸಿ: ಗುಂಡಿ ಮುಚ್ಚಿ, ದೀಪ ಹಾಕಿ, ಹಂಪಿಗೆ ಬಣ್ಣ ಬಳಿಯಿರಿ. ಕೊಡಗಿಗೆ ಹೊರಟವನು ವರ್ಷಕ್ಕೆರಡು ಸಲ ಇಲ್ಲಿ ಹಾದುಹೋಗುತ್ತಾನೆ. ರಾಮನಗರದಿಂದ ರಾತ್ರಿ ಪಾಳಿಗೆ ಬರುವವನಿಗೆ ಇದು ದಿನಾ ತುಳಿಯುವ ದಾರಿ.