ಕುರ್ವೆಯ ಕೆಸರು ಹೇಳುವ ಸಾಕ್ಷ್ಯ

ಶಿವಮೊಗ್ಗದ ರಾಗಿಗುಡ್ಡದ ಮೇಲೆ ಬಿದ್ದ ಮಳೆಯ ನೀರು ತುಂಗಭದ್ರೆಯನ್ನೂ ಅನಂತರ ಕೃಷ್ಣೆಯನ್ನೂ ಕೂಡಿಕೊಂಡು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇದೇ ಜಿಲ್ಲೆಯ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯಾದರೋ ಪಡುವಣಕ್ಕೆ ತಿರುಗಿ, ಜೋಗದಲ್ಲಿ ಧುಮುಕಿ, ಹೊನ್ನಾವರದ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಅದು ಮಲೆನಾಡಿನಿಂದ ಹೊತ್ತು ತಂದ ಮಣ್ಣು ಅಳಿವೆಯಲ್ಲಿಯೂ, ಮಾವಿನಕುರ್ವೆಯಂತಹ ನಡುಗಡ್ಡೆಗಳ ಅಂಚಿನಲ್ಲಿಯೂ ಪದರ ಪದರವಾಗಿ ಇಳಿಯುತ್ತದೆ. ಈ ಕೆಸರು ಒಂದು ಕಡತ. ಅದನ್ನು ಇನ್ನು ತಡಮಾಡದೆ ಓದಿಡಬೇಕೆಂಬುದೇ ನಮ್ಮ ವಾದ.

ಓದುವ ಬಗೆ ಹೇಗೆ? ಕೆಸರಿನಲ್ಲಿರುವ ಜೈವಿಕ ಇಂಗಾಲವನ್ನೂ ಸಾರಜನಕವನ್ನೂ ಅಳೆದು, ಅವುಗಳ ಪ್ರಮಾಣವನ್ನು ಹೋಲಿಸಬೇಕು. ಕಡಲಿನ ತೇಲುಪಾಚಿಗಳಲ್ಲಿ ಪ್ರೋಟೀನು ಹೆಚ್ಚು. ಆದುದರಿಂದ ಸಾರಜನಕವೂ ಹೆಚ್ಚು. ಅಮೆರಿಕದ ವಿಜ್ಞಾನಿ ಆಲ್‌ಫ್ರೆಡ್ ರೆಡ್‌ಫೀಲ್ಡ್ 1934ರಲ್ಲಿ ಆರಂಭಿಸಿದ ಅಧ್ಯಯನದ ಫಲವಾಗಿ, ಅವುಗಳಲ್ಲಿ ಸುಮಾರು 106 ಇಂಗಾಲದ ಪರಮಾಣುಗಳಿಗೆ 16 ಸಾರಜನಕದ ಪರಮಾಣುಗಳಿರುವುದು ತಿಳಿದುಬಂದಿತು. ಎಂದರೆ ಪ್ರಮಾಣ 6.6. ನೆಲದ ಮರಗಳ ಎಲೆ, ಕಡ್ಡಿ, ತೊಗಟೆಗಳಲ್ಲಿ ಸೆಲ್ಯುಲೋಸ್ ಮತ್ತು ಲಿಗ್ನಿನ್ ತುಂಬಿರುವುದರಿಂದ ಈ ಪ್ರಮಾಣ ಸಾಮಾನ್ಯವಾಗಿ 20ನ್ನು ಮೀರುತ್ತದೆ. ಹೀಗಾಗಿ ಒಂದು ಪದರದ ಕೆಸರು ಕಾಡಿನ ಕಸದಿಂದ ಬಂದುದೋ, ಕಡಲಿನ ಪಾಚಿಯಿಂದ ಬಂದುದೋ ಎಂಬುದನ್ನು ಊಹಿಸಬಹುದು.

ಊಹಿಸಬಹುದು ಎಂದೆವೇ ಹೊರತು ತೀರ್ಪು ಕೊಡಬಹುದು ಎನ್ನಲಿಲ್ಲ. ಊರಿನ ಕೊಳಚೆ ಸೇರಿದರೂ ಪ್ರಮಾಣ ತಗ್ಗುತ್ತದೆ. ಜೇಡಿಮಣ್ಣು ಹಿಡಿದಿಟ್ಟುಕೊಂಡ ಅಮೋನಿಯಂ ಕೂಡ ಅದನ್ನು ತಗ್ಗಿಸುತ್ತದೆ. ಚಿಪ್ಪಿನ ಸುಣ್ಣದಲ್ಲಿರುವ ಇಂಗಾಲವನ್ನು ಮೊದಲೇ ಆಮ್ಲದಿಂದ ಕಳೆಯದಿದ್ದರೆ ಲೆಕ್ಕವೇ ಕೆಡುತ್ತದೆ. ಮರಳು ತೆಗೆದ ಕಡೆಗಳಲ್ಲಿ ಪದರಗಳು ಕಲಸಿಹೋಗಿರುತ್ತವೆ. ಬೇರೆ ಸಾಕ್ಷಿಗಳೊಡನೆ ಕೂಡಿಸಿ ಕೇಳಿದಾಗಲೇ ಈ ಸಾಕ್ಷಿಗೆ ಬೆಲೆ.

ಅಂತಹ ಇನ್ನೊಂದು ಸಾಕ್ಷಿಯನ್ನು ಭೌತವಿಜ್ಞಾನ ಒದಗಿಸುತ್ತದೆ. ವಾಯುಮಂಡಲದಲ್ಲಿ ನಡೆದ ಅಣ್ವಸ್ತ್ರ ಪರೀಕ್ಷೆಗಳಿಂದ ಲೋಕದ ಮೇಲೆಲ್ಲ ಸೀಸಿಯಂ-137 ಅತ್ಯಲ್ಪವಾಗಿ ಉದುರಿತು. 1963ರ ಸುಮಾರಿನಲ್ಲಿ ಅದು ಶಿಖರವನ್ನು ಮುಟ್ಟಿ, ಆ ವರ್ಷದ ಒಪ್ಪಂದದ ಅನಂತರ ಇಳಿಯಿತು. ಕೆಸರಿನಲ್ಲಿ ಆ ಗುರುತು ಉಳಿದಿದ್ದರೆ ಅದು ಕಾಲದ ಗೆರೆಯಾಗುತ್ತದೆ. ಲಿಂಗನಮಕ್ಕಿಯ ಅಣೆಕಟ್ಟು ಮುಗಿದುದು 1964ರಲ್ಲಿ! ಗೆರೆಯ ಕೆಳಗೆ ಅಣೆಕಟ್ಟಿಗೆ ಮುಂಚಿನ ಶರಾವತಿ. ಮೇಲೆ, ಹೂಳನ್ನು ಜಲಾಶಯಕ್ಕೆ ಒಪ್ಪಿಸಿ, ವಿದ್ಯುದಾಗಾರದಿಂದ ಬೇಸಗೆಯಲ್ಲಿಯೂ ಸಿಹಿನೀರನ್ನು ತರುವ ಶರಾವತಿ. ಇಂತಹ ಹೋಲಿಕೆಯ ಅವಕಾಶ ಎಲ್ಲ ನದಿಗಳಿಗೂ ಇರುವುದಿಲ್ಲ.

ಆದರೆ ಗೆರೆ ಮಾಸುತ್ತಿದೆ. ಸೀಸಿಯಂ-137 ಸುಮಾರು 30 ವರ್ಷಗಳಿಗೊಮ್ಮೆ ಅರ್ಧವಾಗುತ್ತದೆ. 1963ರಲ್ಲಿ ಬಿದ್ದುದರಲ್ಲಿ ಈಗ ಉಳಿದಿರುವುದು ಕಾಲುಭಾಗದಷ್ಟು ಮಾತ್ರ. ಉಪ್ಪುನೀರಿನ ಕೆಸರಿನಲ್ಲಿ ಅದು ಸ್ವಲ್ಪ ಜರುಗುವುದೂ ಉಂಟು. ಆದ್ದರಿಂದ ಸುಮಾರು 22 ವರ್ಷಗಳ ಅರ್ಧಾಯುವಿನ ಸೀಸ-210ನ್ನೂ ಜೊತೆಯಲ್ಲಿ ಅಳೆಯಬೇಕು.

ತಳಕಳಲೆ ಮತ್ತು ಗೇರುಸೊಪ್ಪೆಯ ಜಲಾಶಯಗಳ ನಡುವೆ 2000 ಮೆಗಾವಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಕುರಿತು ನಾಡಿನಲ್ಲಿ ವಾದವಿವಾದ ಎದ್ದಿದೆ. ಅದು ಬೇಕೆನ್ನುವವರೂ ಬೇಡವೆನ್ನುವವರೂ ನದಿಯ ಹಿತವನ್ನೇ ಹೇಳುತ್ತಾರೆ. ನದಿ ಹಿಂದೆ ಹೇಗಿತ್ತೆಂಬ ಅಳತೆಯಿಲ್ಲದೆ ಮುಂದೆ ಆಗುವ ಹಾನಿಯನ್ನಾಗಲಿ, ಆಗದ ಹಾನಿಯನ್ನಾಗಲಿ ತೋರಿಸುವುದು ಹೇಗೆ? ಅಳಿವೆಯಲ್ಲಿ ಮೀನು ಹಿಡಿದು, ಚಿಪ್ಪು ಆಯ್ದು ಬದುಕುವವರ ಅನ್ನದ ಪ್ರಶ್ನೆ ಇದರಲ್ಲಿ ಅಡಗಿದೆ. ಅವರು "ನೀರು ಮೊದಲಿನಂತಿಲ್ಲ" ಎಂದರೆ, ಆ ಮಾತಿಗೆ ಬೆಂಬಲವಾಗಿ ನಿಲ್ಲುವ ಅಂಕಿಗಳು ಬೇಕು.

ಕೊಳವೆಯನ್ನು ಊರಿ ಕೆಸರಿನ ಕಂಬವನ್ನು ಎತ್ತುವುದು ನಮ್ಮ ಕಾಲೇಜುಗಳಿಗೆ ಮೀರಿದ ಕೆಲಸವಲ್ಲ. ವಿಶ್ಲೇಷಣೆಗೆ ವಿಶ್ವವಿದ್ಯಾನಿಲಯಗಳು ನೆರವಾಗಲಿ. ಯಾವ ದೊಡ್ಡ ಯೋಜನೆಗೂ ಮುನ್ನ ಇಂತಹ ಕಂಬಗಳನ್ನು ತೆಗೆದು, ಅಳೆದು, ಅರ್ಧವನ್ನು ಮುಂದಿನವರ ಪರೀಕ್ಷೆಗಾಗಿ ಕಾದಿರಿಸುವುದು ಕಡ್ಡಾಯವಾಗಬೇಕು. ಅಣೆಕಟ್ಟಿಗೆ ಸುರಿಯುವ ಹಣದ ಮುಂದೆ ಇದರ ವೆಚ್ಚ ಲೆಕ್ಕಕ್ಕೇ ಬಾರದು.