ಬ್ಯಾಟರಿ ಬದಲಿಸೋ ಮುಂಚೆ ಒಂದು ಪ್ರಶ್ನೆ

ನಮ್ಮ ಇಂಜಿನ್ ಲ್ಯಾಬಿನಲ್ಲಿರೋ ಡೀಸೆಲ್ ಇಂಜಿನ್ ಯಾವತ್ತೂ ಕೈ ಕೊಡಲ್ಲ. ಅಟೆಂಡರ್ ಅಣ್ಣ ಮೊದಲೇ ಬಂದು ಸ್ಟಾರ್ಟ್ ಮಾಡಿ ನೋಡಿರ್ತಾರೆ. ಹುಡುಗರು ಹೋಗಿ ರೀಡಿಂಗ್ ತಗೊಂಡು, ಗ್ರಾಫ್ ಹಾಕಿ, ಸೀನಿಯರ್ ರೆಕಾರ್ಡಿಗೆ ತಾಳೆ ಆಗುತ್ತಾ ಅಂತ ನೋಡಿ, ಸಹಿ ಹಾಕಿಸ್ಕೊಂಡು ಬರ್ತಾರೆ. ಇಂಜಿನ್ ಸ್ಟಾರ್ಟೇ ಆಗದಿದ್ರೆ ಏನು ಮಾಡ್ಬೇಕು ಅನ್ನೋದಕ್ಕೆ ಲ್ಯಾಬ್ ಮ್ಯಾನ್ಯುಯಲ್‌ನಲ್ಲಿ ಒಂದು ಪುಟವೂ ಇಲ್ಲ. "ಅದು ಮೆಕ್ಯಾನಿಕ್ ಕೆಲಸ, ನಮ್ದಲ್ಲ" ಅಂತ ಹೇಳೋರು ನಮ್ಮಲ್ಲಿ ಬಹಳ ಜನ ಇದ್ದಾರೆ. ನಾನು ಇದನ್ನ ಒಪ್ಪಲ್ಲ. ಕೆಟ್ಟಿರೋದು ಯಾಕೆ ಕೆಟ್ಟಿದೆ ಅಂತ ಕಂಡುಹಿಡಿಯೋದೇ ಇಂಜಿನಿಯರಿಂಗಿನ ಅರ್ಧ ಭಾಗ. ಅದನ್ನ ಕಲಿಯೋಕೆ ಬೆಳಿಗ್ಗೆ ಸ್ಟಾರ್ಟ್ ಆಗದ ಒಂದು ಹಳೇ ಲಾರಿಗಿಂತ ಒಳ್ಳೆ ಪಾಠ ಇಲ್ಲ.

ಹಳೇ ಲಾರಿಯೇ ಯಾಕೆ? ಹೊಸ ಗಾಡಿ ಕೆಟ್ರೆ ಸಾಮಾನ್ಯವಾಗಿ ಒಂದೇ ಭಾಗ ಕೆಟ್ಟಿರುತ್ತೆ. ಆರೇಳು ಲಕ್ಷ ಕಿಲೋಮೀಟರ್ ಓಡಿರೋ ಲಾರಿಯಲ್ಲಿ ಹಾಗಲ್ಲ. ಬ್ಯಾಟರಿ ಸ್ವಲ್ಪ ಸೊರಗಿದೆ, ಕೇಬಲ್ ತುದಿ ಸ್ವಲ್ಪ ಹಸಿರುಗಟ್ಟಿದೆ, ಸೆಲ್ಫ್ ಮೋಟಾರಿನ ಕಾರ್ಬನ್ ಸ್ವಲ್ಪ ಸವೆದಿದೆ, ಪಿಸ್ಟನ್ ರಿಂಗ್ ಕೂಡ ಸ್ವಲ್ಪ ಸವೆದಿದೆ. ಒಂದೊಂದನ್ನೇ ಬಿಚ್ಚಿ ನೋಡಿದ್ರೆ "ಪರವಾಗಿಲ್ಲ" ಅನಿಸುತ್ತೆ. ಎಲ್ಲಾ "ಸ್ವಲ್ಪ"ಗಳೂ ಚಳಿಗಾಲದ ಬೆಳಿಗ್ಗೆ ಒಟ್ಟಿಗೆ ಸೇರಿದಾಗ ಇಂಜಿನ್ ಮೇಲೇಳಲ್ಲ. ಅದಕ್ಕೇ ಯಾವುದಾದ್ರೂ ಒಂದು ಹೊಸ ಪಾರ್ಟ್ ಹಾಕಿದ ತಕ್ಷಣ ಲಾರಿ ಸ್ಟಾರ್ಟ್ ಆಗಿಬಿಡುತ್ತೆ, ಎಲ್ಲರೂ ಕಾಯಿಲೆ ವಾಸಿ ಆಯ್ತು ಅಂದ್ಕೊಳ್ತಾರೆ. ಆಗಿರಲ್ಲ. ಮುಚ್ಚಿಹೋಗಿರುತ್ತೆ ಅಷ್ಟೇ.

ನಮ್ಮ ಸೋದರಮಾವ ಆರು ಚಕ್ರದ ಒಂದು ಹಳೇ ಲಾರಿ ಇಟ್ಕೊಂಡಿದ್ದಾರೆ, ಅವರೇ ಓನರ್, ಅವರೇ ಡ್ರೈವರ್. ಬೆಳಿಗ್ಗೆ ಸೆಲ್ಫ್ ಸರಿಯಾಗಿ ಎಳೀತಿಲ್ಲ ಅಂತ ಒಂದು ಅಂಗಡಿಗೆ ಹೋದ್ರು. ಅಲ್ಲಿ ಏನೂ ಅಳತೆ ಮಾಡದೆ ಎರಡೂ ಬ್ಯಾಟರಿ ಬದಲಿಸಿದ್ರು, ಇಪ್ಪತ್ತು ಸಾವಿರಕ್ಕೂ ಮೇಲೆ ಖರ್ಚಾಯ್ತು. ಕೆಲವು ತಿಂಗಳು ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ ಕಥೆ. ಲೋಡ್ ತುಂಬಿ ನಿಂತ ಲಾರಿ ಹೊರಡದಿದ್ರೆ ಆ ದಿನದ ಬಾಡಿಗೆ ಹೋಯ್ತು, ಇಎಂಐ ಮಾತ್ರ ನಿಲ್ಲಲ್ಲ. ಕೊನೆಗೆ ಹೆದ್ದಾರಿ ಪಕ್ಕದ ಸಣ್ಣ ಗ್ಯಾರೇಜಿನ ವಯಸ್ಸಾದ ಮೇಸ್ತ್ರಿಯೊಬ್ಬರು ಏನನ್ನೂ ಬಿಚ್ಚಲಿಲ್ಲ. ಜಂಪರ್ ಕೇಬಲ್ ತಗೊಂಡು ಒಂದು ತುದಿಯನ್ನ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದನ್ನ ನೇರ ಇಂಜಿನ್ ಬ್ಲಾಕಿಗೆ ಹಿಡಿದು "ಈಗ ಹೊಡೀರಿ" ಅಂದ್ರು. ಸೆಲ್ಫ್ ಗಿರ್ರನೆ ತಿರುಗಿತು. ಕೆಟ್ಟಿದ್ದು ಚಾಸಿಯಿಂದ ಇಂಜಿನ್‌ಗೆ ಹೋಗೋ ಅರ್ತಿಂಗ್ ಪಟ್ಟಿ. ಕೆಲವು ನೂರು ರೂಪಾಯಿಯಲ್ಲಿ ಮುಗೀತು.

ಇದರಲ್ಲಿ ಮ್ಯಾಜಿಕ್ ಇಲ್ಲ ಫ್ರೆಂಡ್ಸ್, ಓಮ್ಸ್ ಲಾ ಇದೆ. ದೊಡ್ಡ ಲಾರಿಯಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸೀರೀಸ್‌ನಲ್ಲಿ ಸೇರಿ 24 ವೋಲ್ಟ್ ಕೊಡುತ್ವೆ. ಸೆಲ್ಫ್ ಹೊಡೆಯುವಾಗ 400 ಆಂಪಿಯರ್ ಹರೀತಿದೆ ಅಂದ್ಕೊಳ್ಳಿ. ತುಕ್ಕು ಹಿಡಿದ ಜಾಗದಲ್ಲಿ ಬರೀ 0.005 ಓಮ್ ರೆಸಿಸ್ಟೆನ್ಸ್ ಇದ್ರೂ 2 ವೋಲ್ಟ್ ಅಲ್ಲೇ ಕಳೆದುಹೋಗುತ್ತೆ, 800 ವ್ಯಾಟ್ ಬಿಸಿಯಾಗಿ ಹಾಳಾಗುತ್ತೆ. ಮಲ್ಟಿಮೀಟರನ್ನ ಓಮ್ ಮೋಡಿಗೆ ಹಾಕಿ ಈ ಪಟ್ಟಿ ಚೆಕ್ ಮಾಡಿದ್ರೆ "ಸರಿಯಾಗಿದೆ" ಅಂತಲೇ ತೋರಿಸುತ್ತೆ. ಯಾಕಂದ್ರೆ ಮೀಟರಿನ ವೈರಿನ ರೆಸಿಸ್ಟೆನ್ಸೇ ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಹಾಗಾಗಿ ವೋಲ್ಟ್ ಮೋಡಿಗೆ ಹಾಕಿ, ಒಂದು ಪ್ರೋಬ್ ಬ್ಯಾಟರಿ ನೆಗೆಟಿವ್ ಮೇಲೆ, ಇನ್ನೊಂದು ಇಂಜಿನ್ ಬ್ಲಾಕ್ ಮೇಲೆ ಇಟ್ಟು, ಸೆಲ್ಫ್ ಹೊಡೆಯುತ್ತಿರುವಾಗಲೇ ಅಳೀಬೇಕು. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದ್ರೆ ಆ ದಾರಿಯಲ್ಲಿ ಕಳ್ಳ ಇದ್ದಾನೆ ಅಂತ ಅರ್ಥ. ಲೋಡ್ ಇಲ್ಲದೆ ಅಳೆದ್ರೆ ಕಳ್ಳ ಸಿಗಲ್ಲ. ಈ ಒಂದು ಸಾಲು ನನಗೆ ಒಂದು ಸೆಮಿಸ್ಟರಿನ ಥಿಯರಿಗಿಂತ ಹೆಚ್ಚು ಕಲಿಸಿತು.

ಒಳ್ಳೆ ಮೇಸ್ತ್ರಿ ಸ್ಪ್ಯಾನರ್ ಮುಟ್ಟೋ ಮುಂಚೆ ಪ್ರಶ್ನೆ ಕೇಳ್ತಾರೆ. ಮೊದಲನೇದು: ಇಂಜಿನ್ ತಿರುಗ್ತಾನೇ ಇಲ್ವಾ, ಇಲ್ಲ ತಿರುಗುತ್ತೆ ಆದ್ರೆ ಸ್ಟಾರ್ಟ್ ತಗೊಳ್ತಿಲ್ವಾ? ಇವೆರಡೂ ಬೇರೆ ಬೇರೆ ಕಾಯಿಲೆ. ತಿರುಗದೇ ಇದ್ರೆ ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೀರಿ. ಲೈಟ್ ಆರಿಹೋದಂಗೆ ಆದ್ರೆ ಮೊದಲು ಬ್ಯಾಟರಿ ಮತ್ತು ಅದರ ಟರ್ಮಿನಲ್ ನೋಡಿ. ಲೈಟ್ ಹಾಗೇ ಉರೀತಿದ್ದು, ಸೆಲ್ಫ್ ಬರೀ "ಟಕ್" ಅಂತಿದ್ರೆ ಸೊಲೆನಾಯ್ಡ್, ಕೇಬಲ್, ಕಾರ್ಬನ್ ಕಡೆ ಹೋಗಿ.

ಚೆನ್ನಾಗಿ ತಿರುಗಿಯೂ ಸ್ಟಾರ್ಟ್ ಆಗದಿದ್ರೆ ಎರಡನೇ ಪ್ರಶ್ನೆ: ಸೈಲೆನ್ಸರ್‌ನಲ್ಲಿ ಹೊಗೆ ಬರ್ತಿದೆಯಾ? ಹೊಗೆಯೇ ಇಲ್ಲದಿದ್ರೆ ಡೀಸೆಲ್ ಇಂಜಿನ್ ತಲುಪ್ತಿಲ್ಲ: ಫಿಲ್ಟರ್ ಕಟ್ಟಿರಬಹುದು, ಸ್ಟಾಪ್ ಕೇಬಲ್ ಸಿಕ್ಕಿಹಾಕ್ಕೊಂಡಿರಬಹುದು, ಇಲ್ಲಾ ಲೈನ್ "ಏರ್ ಹಿಡಿದಿರಬಹುದು". ರಾತ್ರಿ ನಿಂತ ಲಾರಿ ಬೆಳಿಗ್ಗೆ ಮಾತ್ರ ಸತಾಯಿಸಿ, ಆಮೇಲೆ ದಿನವಿಡೀ ಸರಿ ಇದ್ರೆ ಈ ಏರ್ ಮೇಲೇ ಮೊದಲ ಅನುಮಾನ. ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲನ್ನ ಎಳೆಯೋದು ಸಕ್ಷನ್. ಹಾಗಾಗಿ ಜಾಯಿಂಟ್ ಸಡಿಲ ಆದ್ರೆ ಡೀಸೆಲ್ ಹೊರಗೆ ತೊಟ್ಟಿಕ್ಕೋ ಬದಲು ಗಾಳಿ ಒಳಗೆ ಹೋಗಬಹುದು, ನೆಲದ ಮೇಲೆ ಒಂದು ಹನಿಯೂ ಕಾಣದೆ ಇರಬಹುದು. ಬೆಳಿಗ್ಗೆ ಕೀ ತಿರುಗಿಸೋ ಮುಂಚೆ ಹ್ಯಾಂಡ್ ಪಂಪ್ ಒತ್ತಿ ನೋಡಿ. ಆಗ ಲಾರಿ ಒಂದೇ ಸಲಕ್ಕೆ ಸ್ಟಾರ್ಟ್ ಆದ್ರೆ ಉತ್ತರ ಹತ್ರದಲ್ಲೇ ಇದೆ, ಅದಕ್ಕೆ ಇಂಜೆಕ್ಷನ್ ಪಂಪ್ ಬಿಚ್ಚಿಸೋ ಅಗತ್ಯ ಇಲ್ಲ.

ಬಿಳಿ ಹೊಗೆ ಬರ್ತಿದ್ರೆ ಡೀಸೆಲ್ ಹೋಗ್ತಿದೆ, ಆದ್ರೆ ಉರೀತಿಲ್ಲ. ಡೀಸೆಲ್ ಇಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನ ಸುಮಾರು ಹದಿನೇಳನೇ ಒಂದು ಭಾಗಕ್ಕೆ ಒತ್ತಿದಾಗ ಬರೋ ಬಿಸಿಯೇ ಬೆಂಕಿ ಹಚ್ಚಬೇಕು. ರಿಂಗ್ ಸವೆದಿದ್ರೆ ಒತ್ತಿದ ಗಾಳಿ ಕೆಳಗೆ ಸೋರುತ್ತೆ, ಇದಕ್ಕೇ ಗ್ಯಾರೇಜಿನಲ್ಲಿ "ಬ್ಯಾಕ್ ಕಂಪ್ರೆಶನ್" ಅನ್ನೋದು. ಸೆಲ್ಫ್ ನಿಧಾನಕ್ಕೆ ತಿರುಗಿಸಿದ್ರೂ ಇದೇ ಆಗುತ್ತೆ, ಗಾಳಿಗೆ ಸೋರೋಕೆ ಮತ್ತು ತಣ್ಣಗಾಗೋಕೆ ಜಾಸ್ತಿ ಟೈಮ್ ಸಿಗುತ್ತೆ. ಅಂದ್ರೆ ಕೆಟ್ಟ ಅರ್ತಿಂಗ್ ಪಟ್ಟಿಯೊಂದು ಸವೆದ ಇಂಜಿನ್ ಥರ ನಾಟಕ ಆಡಬಹುದು. ಅದಕ್ಕೇ ಮೊದಲು ಕರೆಂಟು, ಆಮೇಲೆ ಡೀಸೆಲ್, ಕೊನೆಗೆ ಕಂಪ್ರೆಶನ್. ಅಗ್ಗದ ಪರೀಕ್ಷೆ ಮೊದಲು, ದುಬಾರಿ ಕೆಲಸ ಕೊನೆಗೆ.

"ಈಗ ಎಲ್ಲಾ ಸ್ಕ್ಯಾನರ್ ಹೇಳುತ್ತೆ, ಇದೆಲ್ಲಾ ಹಳೇ ಕಾಲದ್ದು" ಅಂತ ನೀವು ಹೇಳಬಹುದು. 2020ರ ಏಪ್ರಿಲ್‌ನಿಂದ ಬಂದಿರೋ ಬಿಎಸ್-6 ಲಾರಿಗಳಲ್ಲಿ ಸೆನ್ಸರ್, ಇಸಿಯು ಎಲ್ಲಾ ಇದೆ, ನಿಜ. ಆದ್ರೆ ಕೋಡ್ ಹೇಳೋದು ಯಾವ ಸರ್ಕ್ಯೂಟಿನಲ್ಲಿ ಏನೋ ಸರಿ ಇಲ್ಲ ಅಂತ ಮಾತ್ರ. ಯಾಕೆ ಸರಿ ಇಲ್ಲ ಅನ್ನೋದನ್ನ ಮನುಷ್ಯನೇ ಹುಡುಕಬೇಕು. ವೋಲ್ಟೇಜ್ ಬಿದ್ದಾಗ ಸಂಬಂಧವೇ ಇಲ್ಲದ ಕೋಡ್‌ಗಳೂ ಬರಬಹುದು. ಕೋಡ್ ನೋಡಿದ ಕೂಡಲೇ ಆ ಸೆನ್ಸರ್ ಬದಲಿಸೋದು, ಸೆಲ್ಫ್ ಎಳೀಲಿಲ್ಲ ಅಂತ ಬ್ಯಾಟರಿ ಬದಲಿಸಿದಷ್ಟೇ ಕುರುಡು ಕೆಲಸ. ನಾಳೆ ನಾವು ಸಾಫ್ಟ್‌ವೇರ್ ಕಂಪನಿಗೇ ಸೇರಿದ್ರೂ ಬಗ್ ಹುಡುಕೋಕೆ ಇದೇ ಬುದ್ಧಿ ಬೇಕು.

ನನ್ನ ಕೋರಿಕೆ ದೊಡ್ಡದಲ್ಲ. ಸೆಮಿಸ್ಟರಿಗೆ ಒಂದು ಮಧ್ಯಾಹ್ನ, ಲ್ಯಾಬಿನ ಇಂಜಿನ್‌ನಲ್ಲಿ ಯಾರಿಗೂ ಹೇಳದೆ ಒಂದು ದೋಷ ಇಡಿ. ಒಂದು ಜಾಯಿಂಟ್ ಸಡಿಲ ಮಾಡಿದ್ರೂ ಸಾಕು. ನಾಲ್ಕು ಜನರ ಒಂದು ಗುಂಪು. "ನಮಗೆ ಇದರ ಮೇಲೆ ಅನುಮಾನ, ಈ ಪರೀಕ್ಷೆಯಲ್ಲಿ ಹೀಗೆ ಬಂದ್ರೆ ನಮ್ಮ ಅನುಮಾನ ಸುಳ್ಳು" ಅಂತ ಹಾಳೆಯಲ್ಲಿ ಬರೆದುಕೊಡೋವರೆಗೂ ಯಾರೂ ಸ್ಪ್ಯಾನರ್ ಮುಟ್ಟೋ ಹಾಗಿಲ್ಲ. ಮಾರ್ಕ್ಸ್ ಉತ್ತರಕ್ಕಲ್ಲ, ಹುಡುಕಿದ ಕ್ರಮಕ್ಕೆ. ಆವತ್ತು ಊರಿನ ಮೇಸ್ತ್ರಿಯೊಬ್ಬರನ್ನೂ ಕರೆಸಿ, ಗೌರವಧನ ಕೊಟ್ಟು, ಅತಿಥಿ ಉಪನ್ಯಾಸಕರು ಅಂತಲೇ ಕರೆಯಿರಿ. ಅವರು ಕನ್ನಡದಲ್ಲೇ ಪಾಠ ಮಾಡ್ತಾರೆ, ನಮಗೆ ಅರ್ಥವೂ ಆಗುತ್ತೆ. ಆ ಒಂದು ಮಧ್ಯಾಹ್ನದಿಂದ ನಮಗೆ ಸಿಗೋದು ಐದು ಮಾರ್ಕ್ಸ್ ಇರಬಹುದು. ಅದನ್ನ ಕಲಿತವರ ಕೈಗೆ ನಾಳೆ ಸಿಗೋ ಲಾರಿ ಓನರಿಗೆ ಮಾತ್ರ ಇಪ್ಪತ್ತು ಸಾವಿರ ಉಳಿಯುತ್ತೆ.