ಒಂದು ತಲೆ, ಎರಡು ತಿಕೀಟು

ಐಗಳಿಗೂ ಸಮುದ್ರಕ್ಕೂ ಏನು ಸಂಬಂಧ? ಊರ ಸುತ್ತ ದ್ರಾಕ್ಷಿಯ ಹಂದರ, ಕಬ್ಬಿನ ಹೊಲ, ದ್ರಾಕ್ಷಿ ಒಣಗಿಸುವ ಶೆಡ್ಡು. ತಾಲೂಕಿನವರು ನೋಡಿದ ದೊಡ್ಡ ನೀರೆಂದರೆ ಕೃಷ್ಣಾ ಹೊಳೆ. ಅದೂ ಮಳೆಗಾಲದಲ್ಲಿ ಸೇತುವೆ ಮುಳುಗಿದಾಗ. ಇಂಥಲ್ಲಿ ಹಡಗಿನ ದರದ ಮಾತು ಯಾಕೆ ಎಂದು ಯಾರಾದರೂ ಕೇಳಿಯಾರು. ಆದರೆ ಮಾತು ಹುಟ್ಟಿದ್ದು ಇದೇ ಊರಿನ ಚಾದಂಗಡಿಯಲ್ಲಿ, ಅಥಣಿ ಬಸ್ಸಿನ ಹಾದಿ ಕಾಯುತ್ತ ಕುಳಿತಿದ್ದ ಒಬ್ಬ ನಿವೃತ್ತ ಮಾಸ್ತರರಿಂದ.

ಮಾಸ್ತರರಿಗೆ ಎಪ್ಪತ್ತರ ಸಮೀಪ. ಹೆಂಡತಿ ತೀರಿ ಮೂರು ವರ್ಷ. ಮಗ ಪುಣೆಯಲ್ಲಿ, ಮಗಳು ಗಂಡನ ಮನೆಯಲ್ಲಿ. ನಲವತ್ತು ವರ್ಷ ಹುಡುಗರಿಗೆ ಅರಬೀ ಸಮುದ್ರವನ್ನು ನಕಾಶೆಯ ಮೇಲೆ ಕೋಲಿನಿಂದ ತೋರಿಸಿದವರು. ಒಮ್ಮೆ ಅದರ ಮೇಲೆ ತಾವೇ ಹೋಗಿ ಬರಬೇಕೆಂಬ ಆಸೆ ಉಳಿದಿತ್ತು. ಮುಂಬಯಿಯಿಂದ ಗೋವೆಗೆ ಹಡಗು ಹೋಗುತ್ತದೆಂಬ ಜಾಹೀರಾತು ನೋಡಿ, ಪೆನ್ಶನ್ನಿನಲ್ಲಿ ಉಳಿಸಿದ ರೊಕ್ಕ ಎಣಿಸಿ, ಪ್ರವಾಸಿ ಏಜಂಟರೊಬ್ಬರಿಗೆ ಫೋನು ಹಚ್ಚಿದರು.

"ಮಾಸ್ತರ, ತಲೆಗೆ ಇಷ್ಟು ಅಂತ ಪೇಪರಿನಾಗ ಹಾಕ್ಯಾರಲ್ರಿ, ಅಡ್ಡಿ ಏನು?" ಎಂದು ಚಾದಂಗಡಿಯವ ಕೇಳಿದ.

"ಹಾಕ್ಯಾರಪಾ. ಖರೆ, ಆ ತಲೆ ಎರಡು ಇರಬೇಕಂತ."

"ಒಬ್ಬರ ಹೋದ್ರ?"

"ಎರಡನೇ ಹಾಸಿಗಿ ರೊಕ್ಕಾನೂ ನಾನ ಕೊಡಬೇಕಂತ."

"ಹಂಗಾರ ಊಟಕ್ಕ ಎರಡು ತಾಟು ಹಾಕ್ತಾರೇನ್ರಿ?"

ಕುಳಿತವರೆಲ್ಲ ನಕ್ಕರು. ಮಾಸ್ತರರೂ ನಕ್ಕರು. ಆದರೆ ಚಾದಂಗಡಿಯವನ ಪ್ರಶ್ನೆ ನಕ್ಕು ಬಿಡುವಂಥದಲ್ಲ.

ಹಡಗಿನ ವ್ಯವಹಾರ ಇರುವುದು ಹೀಗೆ. ವಿಹಾರದ ಹಡಗಿನಲ್ಲಿ ಮಾರುವುದು ಕುರ್ಚಿಯನ್ನಲ್ಲ, ಕೋಣೆಯನ್ನು. ಕೋಣೆಗೆ ಇಬ್ಬರು ಎಂಬ ಲೆಕ್ಕ ಹಿಡಿದು, ಅರ್ಧ ಮಾಡಿ, ಆ ಅರ್ಧವನ್ನು ದೊಡ್ಡ ಅಕ್ಷರದಲ್ಲಿ 'ತಲೆಗೆ ಇಷ್ಟು' ಎಂದು ಅಚ್ಚು ಹಾಕಿಸುತ್ತಾರೆ. 'ಇಬ್ಬರು ಇದ್ದರೆ ಮಾತ್ರ' ಎಂಬ ಮಾತು ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿರುತ್ತದೆ. ಒಬ್ಬನೇ ಬಂದವನ ಮೇಲೆ ಅರ್ಧ ಪಾಲು ಹೆಚ್ಚು ಹೇರುವವರುಂಟು, ಪೂರಾ ಎರಡು ಪಾಲು ಕೇಳುವವರೂ ಉಂಟು. ಜಗತ್ತಿನ ಬಹುತೇಕ ವಿಹಾರ ಹಡಗುಗಳಲ್ಲಿ ಇದೇ ರೂಢಿ.

ಲೆಕ್ಕಕ್ಕೆಂದು ತಲೆಗೆ 20,000 ರೂಪಾಯಿ ದರ, ಮೇಲೆ ಬಂದರಿನ ಶುಲ್ಕ 2,000 ಎಂದು ಹಿಡಿಯೋಣ. ಗಂಡ ಹೆಂಡತಿ ಹೋದರೆ ಒಟ್ಟು 44,000, ತಲೆಗೆ 22,000. ಒಬ್ಬನೇ ಹೋದರೆ ಬಂದರಿನ ಶುಲ್ಕ ಒಂದೇ ತಲೆಗೆ, ಆದರೆ ಕೋಣೆಗೆ ಎರಡು ಪಾಲು: 42,000. ಅಂದರೆ ಇಬ್ಬರ ಖರ್ಚಿಗಿಂತ ಬರೇ 2,000 ಕಡಿಮೆ. ಅದೇ ಕೋಣೆಯಲ್ಲಿ ಮೂರನೆಯವ, ನಾಲ್ಕನೆಯವ ಬಂದರೆ ಅವರಿಗೆ ಎಷ್ಟೋ ಕಡೆ ಸೋಡಿ ಉಂಟು. ಗುಂಪು ಕಟ್ಟಿಕೊಂಡು ಬಂದವನಿಗೆ ಸೋಡಿ, ಒಬ್ಬಂಟಿಗೆ ದಂಡ!

ಈಗ ನಮ್ಮ ಕಡೆಯ ವ್ಯವಹಾರ ನೋಡಿರಿ. ಅಥಣಿಯ ಖಾನಾವಳಿಯಲ್ಲಿ ಒಬ್ಬನೇ ಕೂತು ಉಂಡರೆ, ಎದುರಿನ ಖಾಲಿ ಕುರ್ಚಿಯ ರೊಕ್ಕ ಮಾಲಕ ಕೇಳುವುದಿಲ್ಲ. ವಾಯವ್ಯ ಸಾರಿಗೆಯ ಬಸ್ಸಿನಲ್ಲಿ ಇಬ್ಬರ ಸೀಟಿನ ಮೇಲೆ ಒಬ್ಬನೇ ಕೂತರೆ ಕಂಡಕ್ಟರ ಹರಿಯುವುದು ಒಂದೇ ತಿಕೀಟು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದೊಳಗಿನ ಸಾದಾ ಬಸ್ಸುಗಳಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಅದೂ ಸೊನ್ನೆ ರೂಪಾಯಿಯ ತಿಕೀಟು. ಮಿರಜದಲ್ಲಿ ರಾತ್ರಿ ಮಹಾಲಕ್ಷ್ಮೀ ಎಕ್ಸ್‌ಪ್ರೆಸ್ ಹತ್ತಿದವನಿಗೆ ಒಂದು ಬರ್ತಿಗೆ ಒಂದೇ ದರ. 45 ದಾಟಿದ ಹೆಣ್ಣುಮಗಳು ಒಬ್ಬಾಕಿಯೇ ಹೊರಟರೆ, ಜಾಗ ಇದ್ದಾಗ ಕೆಳಗಿನ ಬರ್ತು ಕೊಡುವ ವ್ಯವಸ್ಥೆಯೂ ರೈಲಿನಲ್ಲಿ ಉಂಟು. ನೆಲದ ಮೇಲೆ ಒಬ್ಬಂಟಿಗೆ ಇಷ್ಟು ಮರ್ಯಾದೆ ಸಿಗುವಾಗ, ನೀರಿನ ಮೇಲೆ ಯಾಕೆ ದಂಡ?

ಹಡಗಿನವರ ಮಾತನ್ನೂ ಕೇಳಬೇಕು. ವ್ಯಾಪಾರ ಬಲ್ಲ ಅಂಗಡಿಕಾರರಿಗೆ ಅದು ತಿಳಿಯದ್ದೇನೂ ಅಲ್ಲ. ಒಂದು ಕೋಣೆ ಒಬ್ಬನಿಗೆ ಹೋದರೆ ಇನ್ನೊಂದು ಹಾಸಿಗೆ ಆ ಪ್ರವಾಸದ ಮಟ್ಟಿಗೆ ಕೆಟ್ಟಂತೆ. ಉಳಿದ ಒಣದ್ರಾಕ್ಷಿಯನ್ನು ಥಂಡಿ ಗೋದಾಮಿನಲ್ಲಿಟ್ಟು ಮುಂದಿನ ತಿಂಗಳು ಸಾಂಗಲಿ ಪೇಟೆಗೆ ಒಯ್ಯಬಹುದು; ಇಂದು ಖಾಲಿ ಹೋದ ಹಾಸಿಗೆಯನ್ನು ನಾಳೆ ಮಾರಲು ಬರುವುದಿಲ್ಲ. ಅದೂ ಅಲ್ಲದೆ ಹಡಗಿನ ಗಳಿಕೆ ತಿಕೀಟಿನಲ್ಲೇ ಮುಗಿಯುವುದಿಲ್ಲ. ಒಳಗಿನ ಅಂಗಡಿ, ಪಾನೀಯ, ಆಟ, ದಡಕ್ಕೆ ಇಳಿದಾಗಿನ ತಿರುಗಾಟ, ಎಲ್ಲದರಲ್ಲೂ ತಲೆ ಎಣಿಸಿಯೇ ಲಾಭ. ಒಂದು ತಲೆ ಕಡಿಮೆಯಾದರೆ ಅಷ್ಟೂ ಖೋತಾ. ಹೀಗಾಗಿ ಇಬ್ಬರ ರೊಕ್ಕ ಕೇಳುತ್ತಾರೆ.

ಮಾತು ಸುಳ್ಳಲ್ಲ. ಆದರೆ ಅರ್ಧ ಮಾತು. ಕೋಣೆಯನ್ನು ಇಬ್ಬರಿಗೆಂದೇ ಕಟ್ಟಿದವರು ಯಾರು? ಹಡಗಿನವರೇ. ಒಬ್ಬರಿಗಾಗಿ ಸಣ್ಣ ಕೋಣೆ ಕಟ್ಟಿದರೆ ತಂಟೆಯೇ ಇಲ್ಲ. ಇದು ಆಗದ ಕೆಲಸವೇ? 2010ರಲ್ಲಿ ನೀರಿಗಿಳಿದ 'ನಾರ್ವೇಜಿಯನ್ ಎಪಿಕ್' ಎಂಬ ಹಡಗಿನಲ್ಲಿ ಒಬ್ಬರೇ ಇರುವುದಕ್ಕೆಂದು 128 ಸಣ್ಣ ಕೋಣೆಗಳನ್ನು ಕಟ್ಟಿದರು. 'ಕ್ವೀನ್ ಮೇರಿ 2' ಎಂಬ ಹೆಸರಾಂತ ಹಡಗನ್ನು 2016ರಲ್ಲಿ ದುರುಸ್ತಿ ಮಾಡಿದಾಗ 15 ಒಂಟಿ ಕೋಣೆಗಳನ್ನು ಸೇರಿಸಿದರು. ಅವರೇನು ಧರ್ಮಛತ್ರ ನಡೆಸುವವರಲ್ಲ. ಒಬ್ಬಂಟಿಯೂ ಗಿರಾಕಿಯೇ ಎಂಬುದು ಅವರಿಗೆ ತಿಳಿಯಿತು, ಅಷ್ಟೇ.

ನಮ್ಮಲ್ಲೂ ಇದು ಹೊಸ ಮಾತಲ್ಲ. ಕೊಂಕಣ ದಂಡೆಯಲ್ಲಿ ಮುಂಬಯಿಗೂ ಪಣಜಿಗೂ ನಡುವೆ 'ಆಗಬೋಟು' ಓಡಾಡಿದ ಕಾಲವನ್ನು ನಮ್ಮ ಭಾಗದ ಹಿರಿಯರು ಮರೆತಿಲ್ಲ. 1970ರ ದಶಕದಲ್ಲಿ 'ಕೊಂಕಣ ಸೇವಕ', 'ಕೊಂಕಣ ಶಕ್ತಿ' ಎಂಬ ಹಡಗುಗಳು ಆ ದಾರಿಯಲ್ಲಿದ್ದವು. ಡೆಕ್ಕಿನ ತಿಕೀಟು ತೆಗೆದವನು ಚಾದರ ಹಾಸಿ, ಬುತ್ತಿಯ ಗಂಟು ತಲೆಗಿಟ್ಟು ಮಲಗಿದರೆ ಮುಗಿಯಿತು. ನಿನ್ನ ಜೋಡಿ ಯಾರು ಎಂದು ಅಲ್ಲಿ ಕೇಳುವವರಿರಲಿಲ್ಲ. ಆ ಸೇವೆ ನಿಂತಿತು. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾಯಿತು. ಬಡವನ ಹಡಗು ನೆನಪಿಗೆ ಹೋಯಿತು. ಮುಂದೆ 2018ರ ಅಕ್ಟೋಬರದಲ್ಲಿ ಅದೇ ದಾರಿಯಲ್ಲಿ 'ಆಂಗ್ರಿಯಾ' ಬಂದಾಗ ಕೋಣೆಗಳ ಜೊತೆಗೆ ಡಾರ್ಮಿಟರಿಯ ಹಾಸಿಗೆಯೂ ಇತ್ತು. ಒಬ್ಬನಿಗೆ ಒಂದು ಹಾಸಿಗೆ ಎಂಬ ಲೆಕ್ಕ ಅದು. 2020ರ ಕೊರೊನಾ ಕಾಲ ಬಂದು ಆ ಸುಖವೂ ತಪ್ಪಿತು. 2021ರ ಸೆಪ್ಟೆಂಬರದಿಂದ ಮುಂಬಯಿಯಲ್ಲಿ 'ಕಾರ್ಡೆಲಿಯಾ' ಕಂಪನಿಯ ದೊಡ್ಡ ಹಡಗು ಹೊರಟಿತು. 2023ರ ಜನೆವರಿಯಲ್ಲಿ ಕಾಶಿಯಿಂದ ದಿಬ್ರುಗಢಕ್ಕೆ ಹೊರಟ 'ಗಂಗಾ ವಿಲಾಸ'ದ ಲೆಕ್ಕವೂ ನೋಡಿರಿ: ಕೋಣೆ 18, ಪ್ರವಾಸಿಗಳು 36. ಎಲ್ಲೆಲ್ಲೂ ಜೋಡಿಯ ಮಗ್ಗಿ.

ಈ ಮಾತು ಬರೇ ಒಬ್ಬ ಮಾಸ್ತರರದಲ್ಲ. ಕಾಶಿ, ರಾಮೇಶ್ವರದ ಪ್ಯಾಕೇಜು ಟೂರುಗಳ ಕರಪತ್ರ ತಿರುವಿ ನೋಡಿರಿ. ಅಲ್ಲೂ ಎಷ್ಟೋ ಕಡೆ 'ಇಬ್ಬರಿಗೊಂದು ರೂಮು' ಎಂಬ ಷರತ್ತು. ಊರಲ್ಲಿ ಒಂಟಿಯಾಗಿ ಉಳಿದವರು ಎಷ್ಟು ಮಂದಿಯಿಲ್ಲ? ಗಂಡ ತೀರಿದ ಅವ್ವಂದಿರು, ಹೆಂಡತಿ ತೀರಿದ ಅಪ್ಪಂದಿರು, ಮದುವೆಯಾಗದೆ ಉಳಿದವರು. ಹೈನದ ದನ ಬಿಟ್ಟು ಇಬ್ಬರೂ ಹೊರಡಲು ಬರುವುದಿಲ್ಲವೆಂದು ಸರದಿಯ ಮೇಲೆ ಹೋಗಿ ಬರುವ ರೈತ ದಂಪತಿಗಳು. ಇವರ್ಯಾರೂ ಹೌಸಿಗೆ ಒಬ್ಬಂಟಿಯಾದವರಲ್ಲ. ಮನೆಯಲ್ಲಿ ಒಂದು ಹಾಸಿಗೆ ಖಾಲಿಯಾದ ದುಃಖ ಅವರಿಗೆ ದಿನಾಲೂ ಇದೆ. ಪ್ರವಾಸಕ್ಕೆ ಹೊರಟಾಗ ಅದೇ ಖಾಲಿ ಹಾಸಿಗೆಯ ಬಿಲ್ಲನ್ನು ಕೈಯಲ್ಲಿ ಕೊಡುವುದು ಯಾವ ನ್ಯಾಯ? ಹಿರಿಯ ನಾಗರಿಕರ ರೈಲು ರಿಯಾಯಿತಿಯೂ 2020ರ ಮಾರ್ಚಿನಲ್ಲಿ ನಿಂತಿತು. ಇದ್ದೊಂದು ಊರುಗೋಲೂ ಹೋದಂತಾಯಿತು.

ಸರಕಾರ ಮನಸ್ಸು ಮಾಡಿದರೆ ದಾರಿ ಇಲ್ಲದಿಲ್ಲ. 2022ರ ನವೆಂಬರದಲ್ಲಿ ಕರ್ನಾಟಕದ ಭಾರತ ಗೌರವ ಕಾಶಿ ದರ್ಶನ ರೈಲು ಹೊರಟಾಗ ತಲೆಗೆ 20,000 ರೂಪಾಯಿಯ ಪ್ರವಾಸಕ್ಕೆ ರಾಜ್ಯ ಸರಕಾರ 5,000 ರೂಪಾಯಿ ಸಹಾಯಧನ ಕೊಟ್ಟಿತು. ಆ ಸಹಾಯ ಯಾತ್ರಿಕನ ತಲೆ ಎಣಿಸಿ ಕೊಟ್ಟದ್ದೇ ಹೊರತು ಜೋಡಿ ಎಣಿಸಿ ಅಲ್ಲ. ಕೇಂದ್ರ ಸರಕಾರ 2024ರ ಸೆಪ್ಟೆಂಬರ್ 30ರಂದು ಮುಂಬಯಿಯಲ್ಲಿ 'ಕ್ರೂಸ್ ಭಾರತ ಮಿಷನ್' ಸಾರಿ, 2029ರ ಹೊತ್ತಿಗೆ ಹಡಗಿನ ಪ್ರವಾಸಿಗಳನ್ನು ದುಪ್ಪಟ್ಟು ಮಾಡುತ್ತೇವೆಂದಿತು. ಬಂದರಿನ ಕಟ್ಟೆ ಕಟ್ಟುವುದು ಸಾರ್ವಜನಿಕರ ರೊಕ್ಕದಿಂದ. ಹಾಗಿದ್ದರೆ ಆ ಕಟ್ಟೆಗೆ ಹಡಗು ಕಟ್ಟುವವರಿಗೆ ಎರಡು ಷರತ್ತು ಹಾಕಲು ಬಾರದೇ? ಮೊದಲನೆಯದು, ಪ್ರತಿ ಹಡಗಿನಲ್ಲಿ ಒಂದಿಷ್ಟು ಒಂಟಿ ಹಾಸಿಗೆ. ಎರಡನೆಯದು, ಜಾಹೀರಾತಿನಲ್ಲಿ ಇಬ್ಬರ ದರದ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಒಬ್ಬನ ದರ. ತೂಕದಲ್ಲಿ ಒಂದು ಗುಂಜಿ ಹೆಚ್ಚುಕಡಿಮೆಯಾದರೆ ಅಂಗಡಿಕಾರನನ್ನು ಹಿಡಿಯುವ ಇಲಾಖೆಗೆ ಈ ಸಣ್ಣ ಅಕ್ಷರ ಕಾಣದೇ?

ಸರಕಾರ ಏಳುವ ತನಕ ಕೂತಿರುವುದೂ ಶಾಣ್ಯಾತನವಲ್ಲ. ಒಬ್ಬರೇ ಹೊರಟವರು ಇಷ್ಟು ನೆನಪಿಡಬೇಕು.

ಏಜಂಟನಿಗೆ 'ತಲೆಗೆ ಎಷ್ಟು' ಎಂದು ಕೇಳಲೇಬಾರದು. 'ನಾ ಒಬ್ಬನ ಬರತೇನಿ, ತೆರಿಗಿ, ಬಂದರಿನ ಶುಲ್ಕ, ಎಲ್ಲಾ ಕೂಡಿ ಒಟ್ಟು ಎಷ್ಟು, ಬರದ ಕೊಡು' ಎನ್ನಬೇಕು. ಬಾಯಿಮಾತಿನ ದರಕ್ಕೆ ಮುಂಗಡ ಕೊಡಬಾರದು. ದೀಪಾವಳಿ, ಕ್ರಿಸ್‌ಮಸ್, ಶಾಲೆಯ ಸೂಟಿ, ಶನಿವಾರ ರವಿವಾರ ಬಿಟ್ಟು ನಡುವಾರದ ಹಡಗು ನೋಡಬೇಕು. ಕೋಣೆ ತುಂಬದಿದ್ದಾಗ ಒಬ್ಬಂಟಿಯ ಹೆಚ್ಚುವರಿಯನ್ನು ಇಳಿಸುವುದುಂಟು. ಕೇಳಿದವನಿಗೆ ಸಿಗುತ್ತದೆ, ಕೇಳದವನಿಗಿಲ್ಲ. ಕಿಟಕಿಯಿಲ್ಲದ ಒಳಕೋಣೆ ಅಗ್ಗ. ಸಮುದ್ರ ನೋಡಲು ಮೇಲಿನ ಡೆಕ್ಕು ಎಲ್ಲರಿಗೂ ಒಂದೇ. ಮಲಗಿದಾಗ ಕಿಟಕಿ ಯಾರಿಗೆ ಬೇಕು? ಪರಿಚಯದ ಇನ್ನೊಬ್ಬ ಒಂಟಿ ಮಾಸ್ತರರು ಸಿಕ್ಕರೆ ಇನ್ನೂ ಉತ್ತಮ. ಗೊರಕೆಯ ಕಾಟ ತಾಳಿದರೆ ಅರ್ಧ ಖರ್ಚು ಉಳಿಯಿತು.

ವಿಹಾರದ ಬೆಡಗು ಬೇಡ, ಸಮುದ್ರ ಕಂಡರೆ ಸಾಕು ಎನ್ನುವವರಿಗೆ ಸರಕಾರಿ ಹಡಗುಗಳೂ ಇವೆ. ಚೆನ್ನೈಯಿಂದ ಅಂಡಮಾನಿಗೆ ಹೋಗುವ ಹಡಗಿನಲ್ಲಿ ಬಂಕಿನ ದರ್ಜೆ ಉಂಟು. ರೈಲಿನ ಬರ್ತಿನಂತೆ ಒಬ್ಬನಿಗೆ ಒಂದು. ಪೋರ್ಟ್ ಬ್ಲೇರ್ ಎಂದು ಇದ್ದ ಊರಿಗೆ 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರಾಯಿತು. ಅಲ್ಲಿಗೆ ಸುಮಾರು ಮೂರು ದಿನದ ದಾರಿ. ಮೂರು ಸಂಗತಿ ಮಾತ್ರ ತಿಳಿದಿರಬೇಕು: ಹಡಗು ದಿನಾಲೂ ಇರುವುದಿಲ್ಲ, ವೇಳಾಪಟ್ಟಿ ಕಾಯಬೇಕು, ದ್ವೀಪದವರಿಗೆ ದರ ಕಡಿಮೆ, ಹೊರಗಿನವರಿಗೆ ಹೆಚ್ಚು, ತಲೆ ತಿರುಗಿ ವಾಂತಿಯಾದೀತು, ಡಾಕ್ಟರರ ಗುಳಿಗೆ ಜೊತೆಗಿರಲಿ. ಕೊಚ್ಚಿಯಿಂದ ಲಕ್ಷದ್ವೀಪಕ್ಕೂ ಹಡಗುಗಳಿವೆ. ಅಲ್ಲಿಗೆ ಪರವಾನಗಿ ಮೊದಲು, ತಿಕೀಟು ನಂತರ. ಮಳೆಗಾಲದಲ್ಲಿ ಆ ಕಡೆ ಮುಖ ಮಾಡಬಾರದು.

ಚಾದಂಗಡಿಯ ಮಾತಿಗೆ ಮರಳಿದರೆ, ಮಾಸ್ತರರು ಎರಡು ಪಾಲಿನ ರೊಕ್ಕ ಕೊಡಲು ಒಪ್ಪಲಿಲ್ಲ. ರೊಕ್ಕ ಇರಲಿಲ್ಲವೆಂದಲ್ಲ. "ಆಕಿ ಇದ್ದಿದ್ರ ಸಂತೋಷದಿಂದ ಎರಡು ತಿಕೀಟು ತೆಗೀತಿದ್ದೆ. ಇಲ್ಲದಾಕಿ ಹೆಸರಿನ ಮ್ಯಾಲೆ ಯಾಕ ಕೊಡಲಿ?" ಎಂದರು. ಆಗ ಯಾರೂ ನಗಲಿಲ್ಲ. ಅಥಣಿ ಬಸ್ಸು ಬಂತು. ಮಾಸ್ತರರು ಹತ್ತಿ ಕಿಟಕಿಯ ಪಕ್ಕ ಕೂತರು. ಪಕ್ಕದ ಸೀಟು ಖಾಲಿಯೇ ಇತ್ತು. ಕಂಡಕ್ಟರ ಬಂದು ಒಂದೇ ತಿಕೀಟು ಹರಿದ.

ನಮ್ಮ ಸಾರಿಗೆಯ ಡಕೋಟಾ ಬಸ್ಸಿಗೆ ತಿಳಿದ ನ್ಯಾಯ, ಕೋಟಿಗಟ್ಟಲೆ ಬೆಲೆಯ ಹಡಗಿಗೂ ತಿಳಿಯಲಿ.